ಸ್ಟಾರ್ ನೋಡಬೇಕಾ, ಸಾಮರ್ಥ್ಯ ನೋಡಬೇಕಾ? ಅರಸೀಕೆರೆ ತಾಲ್ಲೂಕಿನ ಇಬ್ಬರು ವೇಗಿಗಳ ಲೆಕ್ಕ

ಹಳೇಬೀಡಿನಿಂದ ಬಾಣಾವರದ ಕಡೆ ಹೊರಟರೆ ದಾರಿಯಲ್ಲಿ ಜಾವಗಲ್ ಸಿಗುತ್ತೆ. ಅರಸೀಕೆರೆ ತಾಲ್ಲೂಕಿನ ಈ ಊರಿನ ಹೆಸರನ್ನು ಕ್ರಿಕೆಟ್ ಲೋಕಕ್ಕೆಲ್ಲ ತಲುಪಿಸಿದ್ದು ಜಾವಗಲ್ ಶ್ರೀನಾಥ್. ಅವರು ಹುಟ್ಟಿದ್ದು 1969ರಲ್ಲಿ, ಮೈಸೂರಿನಲ್ಲಿ. ಮನೆತನದ ಊರು ಜಾವಗಲ್. ಇದೇ ತಾಲ್ಲೂಕಿನ ಇನ್ನೊಬ್ಬ ವೇಗಿಯ ಹೆಸರು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ: ಡೇವಿಡ್ ಜಾನ್ಸನ್. 1971ರಲ್ಲಿ ಅರಸೀಕೆರೆಯಲ್ಲೇ ಹುಟ್ಟಿದವರು, 2024ರಲ್ಲಿ ತೀರಿಕೊಂಡರು. ಶ್ರೀನಾಥ್ ಆಡಿದ್ದು 67 ಟೆಸ್ಟ್, ತೆಗೆದಿದ್ದು 236 ವಿಕೆಟ್. ಜಾನ್ಸನ್ ಆಡಿದ್ದು 2 ಟೆಸ್ಟ್, ತೆಗೆದಿದ್ದು 3 ವಿಕೆಟ್.

ಈ ಅಂಕಿಗಳನ್ನು ನೋಡಿದ ಕೂಡಲೇ "ಒಬ್ಬರು ದೊಡ್ಡ ಬೌಲರ್, ಇನ್ನೊಬ್ಬರು ಅಲ್ಲ" ಅಂತ ತೀರ್ಪು ಕೊಟ್ಟುಬಿಡೋದು ಸುಲಭ. ಆಟಗಾರರನ್ನು ಆರಿಸೋ ಜಾಗದಲ್ಲಿ ಕೂತವರು ಹೀಗೇ ಮಾಡ್ತಾರೆ. ಆದರೆ ಒಂದು ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಪ್ರತಿ ವರ್ಷ ಟೀಮ್ ಸೆಲೆಕ್ಷನ್ ಮಾಡುವ ನಮಗೂ ಬೇಕಾದ ಪ್ರಶ್ನೆ ಇದು.

ಸ್ಟಾರ್ ಅಂದ್ರೆ ಏನು?

ಈ ಚರ್ಚೆ ಅತಿ ಜೋರಾಗಿ ನಡೆಯೋದು ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ. ಅಲ್ಲಿ ಹೈಸ್ಕೂಲ್ ಹುಡುಗರು ಆಡೋದನ್ನು ನೋಡಿ ರೇಟಿಂಗ್ ಸಂಸ್ಥೆಗಳು ಸ್ಟಾರ್ ಕೊಡುತ್ತವೆ. ಐದು ಸ್ಟಾರ್ ಸಿಗೋದು ವರ್ಷಕ್ಕೆ ಸುಮಾರು 30 ಹುಡುಗರಿಗೆ ಮಾತ್ರ. ಮೂರು ಸ್ಟಾರ್‌ನವರು ಸಾವಿರದ ಲೆಕ್ಕದಲ್ಲಿರ್ತಾರೆ.

ಈ ಪದ್ಧತಿಯ ಬಗ್ಗೆ ಎರಡು ವಾದ ಇವೆ. "ಐದು ಸ್ಟಾರ್‌ನವರೇ ಹೆಚ್ಚು ಗೆಲ್ತಾರೆ" ಅನ್ನೋದು ಒಂದು. "ದೊಡ್ಡ ಆಟಗಾರರಲ್ಲಿ ಹೆಚ್ಚಿನವರು ಮೂರು ಸ್ಟಾರ್‌ನಿಂದಲೇ ಬಂದವರು" ಅನ್ನೋದು ಇನ್ನೊಂದು. ಎರಡೂ ಒಟ್ಟಿಗೆ ನಿಜ ಆಗಬಹುದು. ಹೇಗೆ ಅಂತ ತಿಳಿಯೋಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 30 ಐದು ಸ್ಟಾರ್ ಹುಡುಗರಲ್ಲಿ 15 ಮಂದಿ ವೃತ್ತಿಪರರಾದರು, 1500 ಮೂರು ಸ್ಟಾರ್ ಹುಡುಗರಲ್ಲಿ 90 ಮಂದಿ ಆದರು ಅಂದುಕೊಳ್ಳಿ. ಸಂಭವನೀಯತೆ ನೋಡಿದರೆ 50 ಪರ್ಸೆಂಟ್ ಎದುರು 6 ಪರ್ಸೆಂಟ್, ಸ್ಟಾರ್ ಗೆಲ್ಲುತ್ತೆ. ತಲೆ ಎಣಿಸಿದರೆ 15ರ ಎದುರು 90, ಮೂರು ಸ್ಟಾರ್ ಗೆಲ್ಲುತ್ತೆ. ಅಂದರೆ ಸ್ಟಾರ್ ಸುಳ್ಳಲ್ಲ. ಆದರೆ ಸ್ಟಾರ್ ಇಲ್ಲದವರನ್ನೆಲ್ಲ ಬಾಗಿಲಿನಿಂದಲೇ ಕಳಿಸಿದರೆ ಹೆಚ್ಚಿನ ಪ್ರತಿಭೆಯೂ ಅವರ ಜೊತೆಗೇ ಹೋಗುತ್ತೆ.

ಜೆ.ಜೆ. ವಾಟ್ ಇದಕ್ಕೆ ಒಳ್ಳೆ ಉದಾಹರಣೆ. ಹೈಸ್ಕೂಲ್‌ನಲ್ಲಿ ಎರಡು ಸ್ಟಾರ್, ಸೇರಿದ್ದು ಸಣ್ಣ ಫುಟ್‌ಬಾಲ್ ಹೆಸರಿನ ಸೆಂಟ್ರಲ್ ಮಿಶಿಗನ್. ಅಲ್ಲಿಂದ ಸ್ಕಾಲರ್‌ಶಿಪ್ ಇಲ್ಲದೆ ವಿಸ್ಕಾನ್ಸಿನ್‌ಗೆ ಹೋದರು, ಆಡುವ ಜಾಗವನ್ನೇ ಬದಲಿಸಿಕೊಂಡರು. 2011ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 11ನೆಯವರಾಗಿ ಆಯ್ಕೆಯಾದರು, ಆಮೇಲೆ ಮೂರು ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಅನ್ನಿಸಿಕೊಂಡರು.

ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ್ದು ಇನ್‌ಸ್ಟ್ರುಮೆಂಟೇಶನ್. ಆ ಬ್ರಾಂಚಿನ ಮೊದಲ ಪಾಠ: ಮೀಟರ್ ರೀಡಿಂಗ್ ಬರೆದುಕೊಳ್ಳೋ ಮೊದಲು, ಆ ಮೀಟರ್ ಏನನ್ನು ಅಳೀತಿದೆ ಅಂತ ಕೇಳು. ಸ್ಟಾರ್ ಅಳೆಯೋದು ಬರೀ ಪ್ರತಿಭೆಯನ್ನಲ್ಲ. ಎದುರಾಳಿ ಎಂಥವರು, ಕೋಚಿಂಗ್ ಸಿಕ್ಕಿತ್ತಾ, ಎಷ್ಟು ಮ್ಯಾಚ್ ಆಡಿದ, ನೋಡೋಕೆ ಯಾರು ಬಂದಿದ್ದರು, ಇದೆಲ್ಲ ಅದರೊಳಗೆ ಬೆರೆತಿರುತ್ತೆ.

ದೇಹ ನೋಡಿ ಆರಿಸಿದರೆ?

ಹಾಗಾದ್ರೆ ಎತ್ತರ, ವೇಗ, ಜಿಗಿತ ಅಳೆದು ಆರಿಸಿದರೆ ಸಾಕಲ್ವಾ? ಸ್ವಲ್ಪ ಮಟ್ಟಿಗೆ ಸರಿ. 1987ರಲ್ಲಿ ವೇಗದ ಬೌಲರ್ ಆಗಬೇಕು ಅಂತ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ಹೋದ ಒಬ್ಬ ಹುಡುಗನಿಗೆ ಡೆನಿಸ್ ಲಿಲ್ಲಿ "ಬ್ಯಾಟಿಂಗ್ ಕಡೆ ಗಮನ ಕೊಡು" ಅಂತ ಹೇಳಿದರು. ಆ ಹುಡುಗ ಸಚಿನ್ ತೆಂಡೂಲ್ಕರ್. ನಮ್ಮ ಅನಿಲ್ ಕುಂಬ್ಳೆಯವರನ್ನು "ಬಾಲ್ ತಿರುಗಲ್ಲ, ಇವರೆಂಥ ಲೆಗ್‌ಸ್ಪಿನ್ನರ್" ಅಂದವರು ಎಷ್ಟೋ ಮಂದಿ. ಅವರ ಎತ್ತರ ಮತ್ತು ಅದರಿಂದ ಬರುವ ಬೌನ್ಸ್ ಪುಸ್ತಕದ ಲೆಗ್‌ಸ್ಪಿನ್‌ಗಿಂತ ದೊಡ್ಡ ಆಸ್ತಿ ಅನ್ನೋದನ್ನು 619 ಟೆಸ್ಟ್ ವಿಕೆಟ್ ಹೇಳಿತು.

ಆದರೆ ದೇಹದ ಅಳತೆಗೂ ದೋಷ ಇದೆ. ಹುಡುಗರು ಅತಿ ವೇಗವಾಗಿ ಬೆಳೆಯೋದು ಸಾಮಾನ್ಯವಾಗಿ 13–14ರ ಆಸುಪಾಸಿನಲ್ಲಿ. ಕೆಲವರಿಗೆ ಅದು ಬೇಗ, ಕೆಲವರಿಗೆ ತಡ. ಒಂದೇ ತರಗತಿಯ ಇಬ್ಬರ ಮೂಳೆಯ ವಯಸ್ಸಿನಲ್ಲಿ ಎರಡು ಮೂರು ವರ್ಷದ ಅಂತರ ಇರಬಹುದು. ಬಿಸಿಸಿಐ ಕಿರಿಯರ ವಯಸ್ಸು ಪರೀಕ್ಷಿಸೋಕೆ ಕೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡುವ ಟಿಡಬ್ಲ್ಯು3 ವಿಧಾನ ಬಳಸೋದು ಇದೇ ಜೀವಶಾಸ್ತ್ರವನ್ನು ನಂಬಿ. ಹಾಗಾಗಿ ಹೈಸ್ಕೂಲ್ ಮಟ್ಟದ ಟ್ರಯಲ್‌ನಲ್ಲಿ ಎತ್ತರದ ಹುಡುಗನನ್ನು ಆರಿಸಿದರೆ, ನಾವು ಆರಿಸಿದ್ದು ಸಾಮರ್ಥ್ಯವನ್ನೋ, ಬೇಗ ಬಂದ ಬೆಳವಣಿಗೆಯನ್ನೋ ಹೇಳೋಕಾಗಲ್ಲ.

ಈಗ ಇಬ್ಬರು ವೇಗಿಗಳ ಲೆಕ್ಕ

ಜಾನ್ಸನ್ ಹತ್ತಿರ ಇದ್ದಿದ್ದು ಶುದ್ಧ ವೇಗ. 1995–96ರ ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 152 ರನ್‌ಗೆ 10 ವಿಕೆಟ್ ತೆಗೆದರು. 1996ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ದೆಹಲಿ ಟೆಸ್ಟ್‌ಗೆ ಶ್ರೀನಾಥ್ ಗಾಯಗೊಂಡಾಗ ಅವರ ಜಾಗಕ್ಕೆ ಬಂದವರು ಜಾನ್ಸನ್ನೇ. ಆ ಟೆಸ್ಟ್‌ನಲ್ಲಿ ಅವರ ಒಂದು ಎಸೆತ ಗಂಟೆಗೆ 157.8 ಕಿ.ಮೀ. ಇತ್ತು ಅಂತ ವರದಿಗಳಿವೆ. ವೇಗದ ಜೊತೆಗೆ ಹಿಡಿತ ಸಾಲದು ಅನ್ನೋ ಟೀಕೆಯೂ ಇತ್ತು. ಆಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್, ಅಲ್ಲಿಗೆ ಮುಗೀತು. ಒಟ್ಟು 3 ವಿಕೆಟ್, ಕೊಟ್ಟಿದ್ದು 143 ರನ್, ಸರಾಸರಿ 47.66.

ಶ್ರೀನಾಥ್ ಆರಂಭ ಹೇಗಿತ್ತು? ಕರ್ನಾಟಕದ ಪರ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್. ಆದರೆ 1991–92ರ ಆಸ್ಟ್ರೇಲಿಯಾ ಪ್ರವಾಸ, ಅವರ ಮೊದಲ ಟೆಸ್ಟ್ ಸರಣಿ: 10 ವಿಕೆಟ್, ಸರಾಸರಿ 55.30. ಜಾನ್ಸನ್‌ಗಿಂತ ದುಬಾರಿ! ಆಮೇಲೆ ತಂಡದ ಜೊತೆ ಇದ್ದರೂ ಸ್ವದೇಶದ ಏಳು ಟೆಸ್ಟ್‌ಗಳಲ್ಲಿ ಆಡೋ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ಆದರೂ ಆಯ್ಕೆಗಾರರು ಅವರನ್ನು ಕೈಬಿಡಲಿಲ್ಲ. ಕೊನೆಗೆ ನಿಂತ ಸರಾಸರಿ 30.49.

ಈಗ ಎರರ್ ಬಾರ್ ಹಾಕೋಣ. ಒಂದು ವಿಕೆಟ್‌ಗೆ ಹೋಗುವ ರನ್ ಎಕ್ಸ್‌ಪೊನೆನ್ಷಿಯಲ್ ಹಂಚಿಕೆ ಅಂತ ಸರಳವಾಗಿ ಭಾವಿಸಿದರೆ, ಸ್ಟ್ಯಾಂಡರ್ಡ್ ಎರರ್ = ಸರಾಸರಿ ÷ √(ವಿಕೆಟ್ ಸಂಖ್ಯೆ).

ಜಾನ್ಸನ್, 3 ವಿಕೆಟ್: 47.7 ± 27.5, ಅಂದರೆ ಸುಮಾರು 20ರಿಂದ 75.
ಶ್ರೀನಾಥ್, ಮೊದಲ ಸರಣಿ, 10 ವಿಕೆಟ್: 55.3 ± 17.5, ಅಂದರೆ ಸುಮಾರು 38ರಿಂದ 73.
ಶ್ರೀನಾಥ್, 236 ವಿಕೆಟ್: 30.5 ± 2.

ಶ್ರೀನಾಥ್ ಅವರ ಜೀವನದ ಸರಾಸರಿಯಾದ 30.49 ಕೂಡ ಜಾನ್ಸನ್ ಅವರ ಎರರ್ ಬಾರ್ ಒಳಗೇ ಬರುತ್ತೆ. ಇದರಿಂದ "ಜಾನ್ಸನ್ ಇನ್ನೊಬ್ಬ ಶ್ರೀನಾಥ್ ಆಗ್ತಿದ್ದರು" ಅಂತ ಸಾಬೀತಾಗಲ್ಲ. ಆ ಎರಡು ಟೆಸ್ಟ್ ಅವರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ ಅಂತ ಮಾತ್ರ ಸಾಬೀತಾಗುತ್ತೆ. ಒಬ್ಬರಿಗೆ ಸ್ಯಾಂಪಲ್ ದೊಡ್ಡದಾಗೋವರೆಗೆ ಕಾದರು, ಇನ್ನೊಬ್ಬರಿಗೆ ಕಾಯಲಿಲ್ಲ. ದೇಶೀಯ ಕ್ರಿಕೆಟ್‌ನಲ್ಲಿ ಜಾನ್ಸನ್ 39 ಪಂದ್ಯಗಳಲ್ಲಿ 125 ವಿಕೆಟ್ ತೆಗೆದವರು ಅನ್ನೋದು ನೆನಪಿರಲಿ.

ನಮ್ಮ ಸೆಲೆಕ್ಷನ್‌ಗೆ ಇದರಿಂದ ಏನು?

ಬೇಲೂರಿನದೋ ಅರಸೀಕೆರೆಯದೋ ಸರ್ಕಾರಿ ಪಿಯು ಕಾಲೇಜಿನಿಂದ ಬಂದ ಫಸ್ಟ್ ಇಯರ್ ಹುಡುಗ ಲೆದರ್ ಬಾಲ್ ಮುಟ್ಟೇ ಇರಲ್ಲ. ಬೆಂಗಳೂರಿನ ಅಕಾಡೆಮಿಯಲ್ಲಿ ಆಡಿದವನ ಹತ್ತಿರ ಸರ್ಟಿಫಿಕೇಟುಗಳ ಕಟ್ಟೇ ಇರುತ್ತೆ. ಇಬ್ಬರಿಗೂ ನೆಟ್ಸ್‌ನಲ್ಲಿ ಆರಾರು ಬಾಲ್ ಕೊಟ್ಟು ಲಿಸ್ಟ್ ಹಾಕಿದರೆ ಅದನ್ನು ಸೆಲೆಕ್ಷನ್ ಅನ್ನೋಕಾಗಲ್ಲ. ಹುಡುಗಿಯರ ತಂಡಕ್ಕೂ ಇದೇ ಮಾತು. ಖರ್ಚಿಲ್ಲದೆ ಮಾಡಬಹುದಾದ್ದು ನಾಲ್ಕು:

1. ಸಾಧನೆ ಮತ್ತು ಸಾಮರ್ಥ್ಯಕ್ಕೆ ಬೇರೆ ಬೇರೆ ಕಾಲಂ ಇಡಿ. ಎರಡನ್ನೂ ಕೂಡಿಸಿ ಒಂದೇ ಮಾರ್ಕ್ ಮಾಡಬೇಡಿ.
2. ಪ್ರತಿ ಅಂಕಿಯ ಪಕ್ಕ ಎಷ್ಟು ಬಾಲ್, ಎಷ್ಟು ಮ್ಯಾಚ್, ಎಂಥ ಪಿಚ್ ಅಂತ ಬರೆಯಿರಿ.
3. 30 ಮೀಟರ್ ಓಟ, ವರ್ಟಿಕಲ್ ಜಂಪ್, ಬೌಲಿಂಗ್ ನಿಖರತೆಯನ್ನು ಇವತ್ತು ಅಳೆದು ಆರು ವಾರ ಬಿಟ್ಟು ಮತ್ತೆ ಅಳೆಯಿರಿ. ಇವತ್ತಿನ ರೀಡಿಂಗ್‌ಗಿಂತ ಅದರ ಏರಿಕೆ ಹೆಚ್ಚು ಹೇಳುತ್ತೆ.
4. ಸ್ಕ್ವಾಡ್‌ನ ಕೊನೆಯ ಎರಡು ಜಾಗವನ್ನು ಸರ್ಟಿಫಿಕೇಟ್ ಇಲ್ಲದವರಿಗೆ ಮೀಸಲಿಡಿ, ಒಂದು ಪೂರ್ತಿ ಸೀಸನ್‌ಗೆ.

ನಾಲ್ಕನೆಯದು ಕಷ್ಟ, ಯಾಕಂದ್ರೆ ಆ ಇಬ್ಬರು ಮೊದಲ ಮ್ಯಾಚ್‌ನಲ್ಲಿ ಹೊಡೆಸಿಕೊಳ್ಳಬಹುದು. ಆಗ ಕ್ಯಾಪ್ಟನ್ ಮೇಲೆ ಎಲ್ಲರೂ ರೇಗ್ತಾರೆ. ಅವತ್ತು 55.30 ಅನ್ನೋ ಸಂಖ್ಯೆಯನ್ನು ಅವರಿಗೆ ತೋರಿಸಿ.