ಪೀಠ ಹತ್ತುವ ಮುಂಚೆ

ಮಗಳೇ, ದೇವಶಾಸ್ತ್ರ ಓದಲು ಹೊರಟಿದ್ದೀಯ, ತುಂಬ ಸಂತೋಷ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2:16ಕ್ಕೆ ಬಂದಾಗ ಮಾತ್ರ ಅವಸರ ಮಾಡಬೇಡ. ಮನುಷ್ಯ ನೀತಿವಂತನಾಗುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಪೌಲ ವಾದಿಸುವುದು ಅಲ್ಲಿ.

ಆ ವಚನ ಹಿಡಿದು ನಾನು ಬಹಳ ವರ್ಷ ಒಂದೇ ಪ್ರಸಂಗ ಮಾಡಿದೆ: ಯೆಹೂದ್ಯರು ಪುಣ್ಯ ಕೂಡಿಹಾಕಿ ರಕ್ಷಣೆ ಸಂಪಾದಿಸಲು ನೋಡಿದರು, ಕೃಪೆ ಗೊತ್ತಿದ್ದುದು ನಮಗೆ ಮಾತ್ರ ಅಂತ. ಅವರದೊಂದು ಪುಸ್ತಕವನ್ನೂ ನಾನು ತೆರೆದು ನೋಡಿರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ತೆರೆದು ನೋಡಿದವರು ಇ.ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸರು. ರಬ್ಬಿಗಳ ಗ್ರಂಥಗಳನ್ನೂ ಕುಮ್ರಾನಿನ ಸುರುಳಿಗಳನ್ನೂ ಓದಿ 1977ರಲ್ಲಿ ಬರೆದರು: ದೇವರು ಆ ಜನರನ್ನು ಆರಿಸಿಕೊಂಡದ್ದೇ ಕೃಪೆಯಿಂದ, ಆಜ್ಞೆ ಪಾಲಿಸುವುದು ಒಡಂಬಡಿಕೆಯೊಳಗೆ ಉಳಿಯಲಿಕ್ಕೆ, ಒಳಗೆ ಬರಲಿಕ್ಕಲ್ಲ. ರಬ್ಬಿಗಳ ಗ್ರಂಥವಾದ ಮಿಶ್ನಾದಲ್ಲಿ ಸನ್ಹೆದ್ರಿನ್ ಭಾಗದ ಹತ್ತನೇ ಅಧ್ಯಾಯ ತೆಗೆದು ನೋಡು. ಇಸ್ರಾಯೇಲರಿಗೆಲ್ಲ ಬರುವ ಲೋಕದಲ್ಲಿ ಪಾಲಿದೆ ಎಂದೇ ಶುರುವಾಗುತ್ತದೆ. (ಪಾಲಿಲ್ಲದವರ ಪಟ್ಟಿಯೂ ಹಿಂದೆಯೇ ಬರುತ್ತದೆ. ಅದನ್ನೂ ಬಿಡದೆ ಓದು.)

ಇನ್ನು ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂಬ ಮಾತು. ಅದಕ್ಕೆ ಸರಿಹೊಂದುವ ಹೀಬ್ರೂ ಮಾತು ಕುಮ್ರಾನಿನ ನಾಲ್ಕನೇ ಗುಹೆಯಲ್ಲಿ ಸಿಕ್ಕ ಒಂದು ಬರಹದಲ್ಲಿದೆ. ಅದರ ವಿದ್ವತ್ ಆವೃತ್ತಿ ಅಚ್ಚಾದದ್ದು 1994ರಲ್ಲಿ. ಶುದ್ಧ ಪಾತ್ರೆಯಿಂದ ಮೈಲಿಗೆಯ ಪಾತ್ರೆಗೆ ಸುರಿಯುವಾಗ ಮೈಲಿಗೆ ಧಾರೆಯಗುಂಟ ಮೇಲೇರುತ್ತದೆಯೇ, ಯೆರೂಸಲೇಮಿನೊಳಗೆ ನಾಯಿ ಬಿಡಬಹುದೇ, ಇಂಥವು ಅಲ್ಲಿನ ಪ್ರಶ್ನೆಗಳು. ಪೌಲ ಎದುರಿಸಿದ್ದು ಪುಣ್ಯಸಂಪಾದನೆಯನ್ನಲ್ಲ, ಯೆಹೂದ್ಯರನ್ನು ಇತರರಿಂದ ಬೇರ್ಪಡಿಸುವ ಸುನ್ನತಿ, ಸಬ್ಬತ್, ಊಟದ ಮಡಿಯಂಥ ಗಡಿಗೆರೆಗಳನ್ನು ಎಂಬ ಜೇಮ್ಸ್ ಡನ್ ಅಂಥ ವಿದ್ವಾಂಸರ ವಾದಕ್ಕೆ ಇದು ಬೆಂಬಲವಾಯಿತು. ಆದರೆ ತನ್ನ ನಿಯಮಗಳನ್ನು ಪಾಲಿಸಿದರೆ ಅದು ನೀತಿಯೆಂದು ಎಣಿಕೆಯಾಗುತ್ತದೆ ಎಂಬ ಭರವಸೆಯೊಂದಿಗೇ ಆ ಬರಹ ಮುಗಿಯುತ್ತದೆ. ಪಾಲನೆಗೂ ಕೊನೆಯ ತೀರ್ಪಿಗೂ ನಂಟಿತ್ತು ಎನ್ನುವವರಿಗೆ ಇದೇ ಆಧಾರ. ಒಂದೇ ಬರಹ ಎರಡೂ ಕಡೆಗೆ ಸಾಕ್ಷಿ.

ನನಗೆ ಹೆಚ್ಚು ಒಪ್ಪಿತವಾದದ್ದು ವಿದ್ವಾಂಸ ಜಾನ್ ಬಾರ್ಕ್ಲೇ 2015ರಲ್ಲಿ ಹೇಳಿದ್ದು: ಕೃಪೆಯ ಮಾತು ಆ ಕಾಲದ ಯೆಹೂದ್ಯರೆಲ್ಲರಲ್ಲೂ ಇತ್ತು, ಎಲ್ಲರಲ್ಲೂ ಒಂದೇ ಅರ್ಥದಲ್ಲಿ ಇರಲಿಲ್ಲ. ಯೋಗ್ಯರಿಗೆ ಸಲ್ಲುವ ಕೊಡುಗೆ ಎಂದರು ಕೆಲವರು. ಯೋಗ್ಯತೆ ನೋಡದೆ ಬಂದದ್ದು ಎಂದ ಪೌಲ. ನೀನು ಬೇರೆ ತೀರ್ಮಾನಕ್ಕೆ ಬರಬಹುದು, ಬಾ.

ಆದರೆ ಸಭೆಯ ಮುಂದೆ ನಿಂತಾಗ ಯೆಹೂದ್ಯರ ಒಂದು ಪಂಥದ ಹೆಸರಾದ ‘ಫರಿಸಾಯ’ ಎಂಬ ಮಾತನ್ನು ಬೈಗುಳವಾಗಿ ಆಡಬೇಡ. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲ ತನ್ನನ್ನೇ ಫರಿಸಾಯನೆಂದು ಹೇಳಿಕೊಂಡಿದ್ದಾನೆ.