ಕುದುರೆ ನಡೆದ ದಾರಿ: ವುಲ್ವರ್ಟನ್‌ನಿಂದ ಬ್ಲಿಸ್‌ವರ್ತ್‌ವರೆಗೆ

ಲಂಡನ್ನಿಗೆ ಮಗನ ಮನೆಗೋ ಮಗಳ ಮನೆಗೋ ಬಂದವರು ಟವರ್ ಬ್ರಿಜ್, ಅರಮನೆ ಎಲ್ಲ ಮುಗಿಸಿದ ಮೇಲೆ ಒಂದು ದಿನ ಉಳಿಸಿಕೊಂಡು ಯೂಸ್ಟನ್ ನಿಲ್ದಾಣದಲ್ಲಿ ವುಲ್ವರ್ಟನ್ ರೈಲು ಹತ್ತಿ. ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ಇಳಿದಲ್ಲೇ ಪಕ್ಕದಲ್ಲಿ ಗ್ರ್ಯಾಂಡ್ ಯೂನಿಯನ್ ಕಾಲುವೆ. ಅದರ ದಂಡೆ ಹಿಡಿದು ಹದಿಮೂರು ಕಿ.ಮೀ. ನಡೆದರೆ ಸ್ಟೋಕ್ ಬ್ರೂಅರ್ನ್ ಎಂಬ ಹಳ್ಳಿ. ಈ ದಂಡೆಯ ದಾರಿಯೇ ಟೋಪಾತ್. ದೋಣಿ ಎಳೆಯುವ ಕುದುರೆಗಾಗಿ ಮಾಡಿದ್ದು, ಹಾಗಾಗಿ ಬಹುಪಾಲು ಸಮತಟ್ಟು. ನಡೆಯಲು ಟಿಕೆಟ್ ಬೇಡ.

ಯಾವ ದಿಕ್ಕಿಗೆ ಹೋಗಬೇಕೆಂದು ಗೊಂದಲವಾದರೆ ದಂಡೆಯಲ್ಲಿರುವ ಹಳೆಯ ಮೈಲಿಗಲ್ಲುಗಳನ್ನು ನೋಡಿ. ನೀವು ಹೋಗಬೇಕಾದ ದಿಕ್ಕಿನಲ್ಲೇ ಮುಂದೆ ಇರುವ ಬ್ರಾನ್‌ಸ್ಟನ್ ಊರಿಗೆ ಎಷ್ಟು ಮೈಲಿ ಎಂದು ಅವು ಹೇಳುತ್ತವೆ. ಅಂಕಿ ಇಳಿಯುತ್ತಿದ್ದರೆ ಸರಿಯಾದ ದಾರಿ, ಏರುತ್ತಿದ್ದರೆ ನೀವು ಲಂಡನ್ನಿಗೆ ವಾಪಸ್ ಹೊರಟಿದ್ದೀರಿ! 1793ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ಈ ಕಾಲುವೆಯ ಎಂಜಿನಿಯರ್ ವಿಲಿಯಂ ಜೆಸಪ್. ಆಗ ಅದರ ಹೆಸರು ಗ್ರ್ಯಾಂಡ್ ಜಂಕ್ಷನ್. ಗ್ರ್ಯಾಂಡ್ ಯೂನಿಯನ್ ಆದದ್ದು 1929ರಲ್ಲಿ.

ಮೊದಲ ಅಚ್ಚರಿ ಬೇಗ ಸಿಗುತ್ತದೆ. ಗ್ರೇಟ್ ಊಸ್ ನದಿ ಅಡ್ಡ ಬಂದಲ್ಲಿ ಕಾಲುವೆಯೇ ಸೇತುವೆ ಹತ್ತಿ ದಾಟುತ್ತದೆ. ಇಲ್ಲಿ ಇಟ್ಟಿಗೆಯಿಂದ ಕಟ್ಟಿದ್ದ ಮೇಲ್ಗಾಲುವೆ 1808ರಲ್ಲಿ ಕುಸಿಯಿತು. 1811ರಲ್ಲಿ ಎರಕದ ಕಬ್ಬಿಣದ ದೋಣಿಯಂಥ ತೊಟ್ಟಿಯನ್ನು ಕೂರಿಸಿದರು. ಇಂದಿಗೂ ಅದೇ ನೀರು ಹೊರುತ್ತಿದೆ. ಮೇಲೆ ನಡೆದು ಹೋಗಿಬಿಡಬೇಡಿ. ದಿಬ್ಬದ ಮೆಟ್ಟಿಲಿಳಿದು ಕೆಳಗಿನಿಂದಲೂ ನೋಡಿ. ತಲೆಯ ಮೇಲೆ ದೋಣಿ, ಕಾಲ ಬಳಿ ನದಿ.

ಮುಂದಿನ ಊರು ಕಾಸ್‌ಗ್ರೋವ್. ಕಾಲುವೆಯ ಅಡಿಯಲ್ಲೇ ತೂರಿಹೋಗುವ ಗಿಡ್ಡ ಸುರಂಗ ಇಲ್ಲಿದೆ, ಎತ್ತರದವರು ತಲೆ ತಗ್ಗಿಸಬೇಕು. ಹತ್ತಿರದ ಸಾಲಮನ್ಸ್ ಸೇತುವೆಗೆ ಗಾಥಿಕ್ ಕೆತ್ತನೆ, ಚರ್ಚಿನಿಂದ ಕಿತ್ತು ತಂದಿಟ್ಟ ಹಾಗೆ. ಹಳೆಯ ಸೇತುವೆಗಳ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ನಮ್ಮ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗೀರು ಬೀಳುತ್ತದಲ್ಲ, ಅಂಥದೇ ಗೀರು ಕೆಲವು ಕಡೆ ಸಿಗುತ್ತದೆ. ಕುದುರೆ ದೋಣಿ ಎಳೆಯುತ್ತಿದ್ದ, ಮರಳು ಮೆತ್ತಿದ ಒದ್ದೆ ಹಗ್ಗ ವರ್ಷಗಟ್ಟಲೆ ಉಜ್ಜಿದ ಗುರುತು ಅದು.

ಕಾಸ್‌ಗ್ರೋವ್ ದಾಟಿದ ಮೇಲೆ ಎಂಟೊಂಬತ್ತು ಕಿ.ಮೀ. ಹೊಲ, ಹಸು, ಬಾತುಕೋಳಿ ಅಷ್ಟೇ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಸರವೇ. ಬುತ್ತಿ, ನೀರು ಜೊತೆಗಿರಲಿ. ಶೌಚಾಲಯದ ಕೆಲಸ ಮೊದಲೇ ಮುಗಿಸಿಕೊಳ್ಳಿ. ಹಿಂದಿನಿಂದ ಸೈಕಲ್ ಗಂಟೆ ಕೇಳಿದರೆ ನೀರಿನ ಕಡೆ ಸರಿಯಬೇಡಿ. ಚಳಿಗಾಲದಲ್ಲಿ ಕೆಸರು, ನಾಲ್ಕು ಗಂಟೆಗೆಲ್ಲ ಕತ್ತಲು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯದು. ಮಂಡಿನೋವಿದ್ದವರು ಈ ಭಾಗವನ್ನು ಬಿಟ್ಟು ನಾರ್ಥಾಂಪ್ಟನ್ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ನೇರವಾಗಿ ಸ್ಟೋಕ್ ಬ್ರೂಅರ್ನ್‌ಗೆ ಬರಬಹುದು.

ಅಲ್ಲಿ ಏಳು ಲಾಕ್‌ಗಳು ಸಾಲಾಗಿ ದೋಣಿಯನ್ನು ಸುಮಾರು 17 ಮೀಟರ್ ಮೇಲೇರಿಸುತ್ತವೆ. ಕೆರೆಯ ತೂಬು ಬಲ್ಲವರಿಗೆ ಲಾಕ್ ಅರ್ಥವಾಗಲು ಎರಡು ನಿಮಿಷ ಸಾಕು. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತುತ್ತಾರೆ. ನೀರು ತುಂಬಿದಂತೆ ದೋಣಿ ಏಳುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ. ಬಾಗಿಲಿನ ಎರಡು ಕದಗಳು ಮೇಲ್ನೀರಿನ ಕಡೆಗೆ ಮೂಗು ಮಾಡಿ ಕೂಡಿರುವುದರಿಂದ ನೀರಿನ ಒತ್ತಡವೇ ಅವನ್ನು ಬಿಗಿಹಿಡಿಯುತ್ತದೆ. ಒಂದು ಸಲ ತುಂಬಲು ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಬಾಗಿಲು ತಳ್ಳಲು ಕೈಜೋಡಿಸಲೇ ಎಂದು ದೋಣಿಯವರನ್ನು ಕೇಳಿ, ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನಿಧಾನಕ್ಕೆ ಒತ್ತಬೇಕು. ಮಕ್ಕಳನ್ನು ಮಾತ್ರ ಅಂಚಿನಿಂದ ದೂರವಿಡಿ. ಲಾಕ್ ಆಳ, ಗೋಡೆ ಪಾಚಿ ಕಟ್ಟಿದ್ದು.

ಮೇಲಿನ ಲಾಕ್ ಬಳಿ ಹಳೆಯ ಹಿಟ್ಟಿನ ಗಿರಣಿಯಲ್ಲಿ 1963ರಿಂದ ಕಾಲುವೆ ಮ್ಯೂಸಿಯಂ ಇದೆ. ಎದುರಿಗೆ ಹುಲ್ಲು ಹೊದಿಸಿದ ಛಾವಣಿಯ ಬೋಟ್ ಇನ್. ಕುಡಿಯದವರೂ ಹೋಗಬಹುದು, ಚಹಾ ಸಿಗುತ್ತದೆ.

ಆದರೆ ಇಲ್ಲಿಗೇ ಮುಗಿಸಬೇಡಿ. ಇನ್ನು ಹತ್ತು ನಿಮಿಷ ನಡೆದರೆ ಬ್ಲಿಸ್‌ವರ್ತ್ ಸುರಂಗದ ಬಾಯಿ. ಉದ್ದ 2.8 ಕಿ.ಮೀ., ಒಳಗೆ ಟೋಪಾತ್ ಇಲ್ಲ. ಮೊದಲು ತೋಡಿದ್ದಕ್ಕೆ ನೀರು ನುಗ್ಗಿ ಕೈಬಿಟ್ಟರು. ಮತ್ತೆ ತೋಡಿ ಮುಗಿದದ್ದು 1805ರಲ್ಲಿ. ಅಲ್ಲಿಯವರೆಗೆ ಸರಕನ್ನು ಕುದುರೆ ಎಳೆಯುವ ಹಳಿಬಂಡಿಯಲ್ಲಿ ಗುಡ್ಡ ದಾಟಿಸುತ್ತಿದ್ದರು. ಸುರಂಗವಾದ ಮೇಲೆ ಇಬ್ಬರು ಹಲಗೆಯ ಮೇಲೆ ಮಲಗಿ, ಎರಡೂ ಗೋಡೆಗಳನ್ನು ಕಾಲಿನಿಂದ ಒದೆಯುತ್ತ ಕತ್ತಲಲ್ಲಿ ದೋಣಿ ಸಾಗಿಸುತ್ತಿದ್ದರು. 1871ರಲ್ಲಿ ಉಗಿ ದೋಣಿಗಳು ಬಂದ ಮೇಲೆ ಆ ಕೆಲಸ ನಿಂತಿತು. ಬೇಸಿಗೆಯಲ್ಲಿ ಒಳಗೆ ಕರೆದೊಯ್ಯುವ ಪ್ರವಾಸಿ ದೋಣಿಗಳಿರುತ್ತವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಮನುಷ್ಯರು ಕೆಳಗೆ ಒದ್ದಾಡುವಾಗ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿಂದ ನಡೆಸಿಕೊಂಡು ಹೋಗುತ್ತಿದ್ದರು. ನೀವೂ ಆ ದಾರಿಯನ್ನೇ ಹಿಡಿಯಿರಿ. ಕೆಲವು ಕಡೆ ಅದೀಗ ಮೋಟಾರು ರಸ್ತೆ, ಎಚ್ಚರ. ಹೊಲಗಳ ನಡುವೆ ಇಟ್ಟಿಗೆಯ ದಪ್ಪ ಗೋಪುರಗಳು ಕಂಡರೆ ಅವು ಸುರಂಗದ ಗಾಳಿಕಂಡಿಗಳು. ದೋಣಿಗಳು ನಿಮ್ಮ ಕಾಲಡಿಯಲ್ಲೇ ಹೋಗುತ್ತಿವೆ. ಮುಕ್ಕಾಲು ಗಂಟೆಗೆ ಬ್ಲಿಸ್‌ವರ್ತ್ ಕಡೆಯ ಬಾಯಿ ಸೇರುತ್ತೀರಿ. ಟ್ಯಾಕ್ಸಿಯನ್ನು ಆ ಊರಿಗೇ ಬರಹೇಳಿ, ಆದರೆ ಅರ್ಧ ಗಂಟೆ ತಡವಾಗಿ. ನೀವು ಹೊರಟಾಗ ಸ್ಟೋಕ್ ಕಡೆಯಿಂದ ಒಳಹೊಕ್ಕ ದೋಣಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕತ್ತಲೊಳಗಿಂದ ದೀಪ ಹೊತ್ತಿಸಿಕೊಂಡು ಬರುತ್ತದೆ.