ಮ್ಯಾಕ್ರೋ ಫೋಟೊಗೆ ಮಲೆನಾಡೇ ಬೇಕೇ?

ಪ್ರಶ್ನೆ: ಕೀಟ, ಕಪ್ಪೆಗಳ ಮ್ಯಾಕ್ರೋ ಫೋಟೊ ತೆಗೆಯುವ ಆಸೆ ನನಗೆ. ನಾನು ನೋಡಿದ ಚಿತ್ರಗಳೆಲ್ಲ ಆಗುಂಬೆ, ಕೊಡಗಿನ ಕಡೆಯವು. ನಮ್ಮ ಬಂಡೆ, ಬಿಸಿಲಿನ ಸೀಮೆಯಲ್ಲಿ ಏನು ಸಿಕ್ಕೀತು? ದುಬಾರಿ ಲೆನ್ಸ್ ಇರಲೇಬೇಕೇ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಮಲೆನಾಡಿಗೆ ಹೋಗಬೇಕಿಲ್ಲ. ಹಂಪಿಯ ಬಂಡೆಗುಡ್ಡ, ವಿಜಯನಗರ ಕಾಲದಿಂದ ಹರಿಯುತ್ತಿರುವ ಕಾಲುವೆಗಳು, ಕಂಪ್ಲಿಯ ಭತ್ತದ ಗದ್ದೆ, ಸಂಡೂರಿನ ಕಾಡು ಎಲ್ಲವೂ ನಿಮಗೆ ಹತ್ತಿರ. ಯಾವ ಜೀವಿ ಯಾವ ಗಿಡಕ್ಕೆ, ಯಾವ ಮಳೆಗೆ ಬರುತ್ತದೆ ಎಂಬುದನ್ನು ಮೊದಲು ಕಲಿಯಿರಿ. ಲೆನ್ಸಿನ ಮಾತು ಆಮೇಲೆ.

ದಾರಿಬದಿಯ ಎಕ್ಕದ ಗಿಡದಿಂದ ಶುರುಮಾಡಿ. ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಅದರ ಹುಳು ಅಲ್ಲೇ ಮೇಯುತ್ತದೆ. ನೀಲಿ–ಹಳದಿ ಬಣ್ಣದ ಎಕ್ಕದ ಮಿಡತೆಯೂ ಅಲ್ಲಿರುತ್ತದೆ, ಹೂವಿಗೆ ಕರಿದುಂಬಿ ಬರುತ್ತದೆ. ಮನೆಯ ಕರಿಬೇವು, ನಿಂಬೆ ಗಿಡದಲ್ಲಿ ಲೈಮ್ ಚಿಟ್ಟೆಯ ಹುಳು ಹುಡುಕಿ. ಕೀಟಗಳ ಮೈಬಿಸಿ ಸುತ್ತಲಿನ ಬಿಸಿಯನ್ನೇ ಅವಲಂಬಿಸಿರುವುದರಿಂದ ಬೆಳಗಿನ ತಂಪಿನಲ್ಲಿ ಅವು ಜಡವಾಗಿರುತ್ತವೆ. ಹತ್ತಿರ ಹೋಗಲು ಸೂರ್ಯ ಏರುವ ಮುಂಚಿನ ಹೊತ್ತೇ ಒಳ್ಳೆಯದು.

ಕಪ್ಪೆಗಳಿಗೆ ಮಳೆಗಾಲ ಕಾಯಿರಿ. ಬುಲ್‌ಫ್ರಾಗ್ ಎನ್ನುವ ದೊಡ್ಡ ಗದ್ದೆಗಪ್ಪೆಯ ಗಂಡು ಆಗ ಹೊಳೆವ ಹಳದಿಗೆ ತಿರುಗುತ್ತದೆ. ವಟಗುಟ್ಟುವಾಗ ಗಂಟಲ ಎರಡೂ ಬದಿಗೆ ಗಾಢ ನೀಲಿ ಚೀಲ ಉಬ್ಬುತ್ತದೆ. ಬೇಸಿಗೆಯನ್ನೆಲ್ಲ ಮಣ್ಣೊಳಗೆ ಕಳೆಯುವ ಬಿಲಗಪ್ಪೆಗಳು ಒಳ್ಳೆಯ ಮಳೆ ಬಿದ್ದ ರಾತ್ರಿ ಮೇಲೆ ಬರುತ್ತವೆ. ಹಿಂಗಾಲಿನ ಗಟ್ಟಿ ಗುಬುಟಿನಿಂದ ಅವು ನೆಲ ಅಗೆಯುತ್ತವೆ, ಅದನ್ನು ಚಿತ್ರದಲ್ಲಿ ಹಿಡಿಯಲು ನೋಡಿ. ಗದ್ದೆಯ ಬದುವಿನಲ್ಲಿ ಹಾವು ಇರುತ್ತದೆ. ಬೂಟು, ಟಾರ್ಚ್ ಮರೆಯಬೇಡಿ, ಒಬ್ಬರೇ ಹೋಗಬೇಡಿ.

ಇನ್ನು ಲೆನ್ಸು. ನಿಮ್ಮಲ್ಲಿರುವ 50 ಎಂಎಂ ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಕೂರಿಸಿದರೂ ಹೆಚ್ಚುಕಡಿಮೆ ಜೀವಗಾತ್ರದ ಚಿತ್ರ ಸಿಗುತ್ತದೆ. ಎಕ್ಸ್‌ಟೆನ್ಶನ್ ಟ್ಯೂಬ್ ಇನ್ನೊಂದು ಅಗ್ಗದ ದಾರಿ. ಆದರೆ ಅಷ್ಟು ಹತ್ತಿರದಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಭಾಗ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದ್ದರಿಂದ ಫೋಕಸ್ ಕಣ್ಣಿನ ಮೇಲಿರಲಿ. ಕ್ಯಾಮೆರಾವನ್ನು ಜೀವಿಯ ಮೈಗೆ ಸಮಾನಾಂತರವಾಗಿ ಹಿಡಿಯಿರಿ. ಫ್ಲ್ಯಾಶ್‌ನ ಮುಂದೆ ತೆಳು ಬಿಳಿ ಹಾಳೆಯಿಟ್ಟರೆ ಬೆಳಕು ಮೃದುವಾಗುತ್ತದೆ. 100 ಎಂಎಂ ಮ್ಯಾಕ್ರೋ ಲೆನ್ಸ್‌ನ ದೊಡ್ಡ ಲಾಭವೆಂದರೆ ದೂರ: ಅಂಜುವ ಜೀವಿಯಿಂದ ಸುಮಾರು ಒಂದು ಗೇಣು ಹಿಂದೆಯೇ ನಿಂತು ಜೀವಗಾತ್ರದ ಚಿತ್ರ ತೆಗೆಯಬಹುದು.

ಒಂದು ಮಾತು ಕಟ್ಟುನಿಟ್ಟಾಗಿ ಪಾಲಿಸಿ. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವುದು, ಕಪ್ಪೆಯನ್ನು ಎತ್ತಿ ಬೇಕಾದ ಕಡೆ ಕೂರಿಸುವುದು ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಿಮ್ಮ ಕೈಗೆ ಹಚ್ಚಿದ ಸೊಳ್ಳೆಮದ್ದು ಅದರ ಮೈ ಸೇರುತ್ತದೆ. ಚಿತ್ರ ತಪ್ಪಿದರೆ ತಪ್ಪಲಿ. ಕಾಯ್ದಿಟ್ಟ ಕಾಡಿಗೆ ಅರಣ್ಯ ಇಲಾಖೆಯ, ಹಂಪಿಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ.

ಪ್ರತಿ ಚಿತ್ರಕ್ಕೂ ದಿನಾಂಕ, ಜಾಗ, ಗಿಡದ ಹೆಸರು ಬರೆದಿಟ್ಟು, ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಸೇರಿಸಿ. ಸಂಡೂರಿನಂಥ ಗಣಿನಾಡಿನಲ್ಲಿ ಗುಡ್ಡವೆಂದರೆ ಅದಿರಷ್ಟೇ ಎಂದು ಲೆಕ್ಕ ಹಾಕುವವರ ಎದುರು ಅಲ್ಲಿ ಏನೇನು ಬದುಕಿದೆ ಎಂದು ತೋರಿಸಲು ಇಂಥ ದಾಖಲೆಗಳು ಬೇಕು. ಅದನ್ನು ಊರಿನವರಾದ ನಿಮ್ಮಷ್ಟು ಚೆನ್ನಾಗಿ, ವರ್ಷವಿಡೀ ಮಾಡಲು ಹೊರಗಿನಿಂದ ಬಂದು ಹೋಗುವವರಿಂದ ಆಗದು.